ಪಿಸ್ತೂಲಿನ ಕೆಂಪು ಚುಕ್ಕಿ: ಡಲ್ಲಾಸ್‌ಗೆ ಹೊರಟವನಿಗೆ ಒಂದು ಉತ್ತರ

ನಿನ್ನ ಪತ್ರ ತಲುಪಿತು. ನನ್ನ ತಂಗಿಯ ಮಗನ ಗೆಳೆಯ ನೀನು. ಅವನಂತೆಯೇ ನನ್ನನ್ನು ಮಾವ ಎಂದು ಕರೆದಿದ್ದೀಯೆ, ಹಾಗಾಗಿ ಸಲುಗೆಯಿಂದಲೇ ಬರೆಯುತ್ತೇನೆ. ಇನ್ನೆರಡು ತಿಂಗಳಿಗೆ ಎಚ್-1ಬಿ ಎಂಬ ನೌಕರಿ ವೀಸಾದ ಮೇಲೆ ಡಲ್ಲಾಸ್‌ಗೆ ಹೊರಟಿರುವೆ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಏರ್ ಪಿಸ್ತೂಲು ಹಿಡಿದವನು, ಅಲ್ಲಿಗೆ ಹೋದ ಮೇಲೆ ಒಂಬತ್ತು ಮಿಲಿಮೀಟರಿನ ಪಿಸ್ತೂಲು ಕೊಂಡು ಅದಕ್ಕೊಂದು ರೆಡ್ ಡಾಟ್ ಸೈಟ್, ಅಂದರೆ ಗುರಿಯ ಮೇಲೆ ಕೆಂಪು ಚುಕ್ಕಿ ತೋರಿಸುವ ಗಾಜಿನ ಸಾಧನ, ಕೂರಿಸಬೇಕೆಂದಿರುವೆ. ಹೋಲೋಸನ್ ಕಂಪನಿಯದನ್ನು ಕೊಳ್ಳಲೇ, ಟ್ರಿಜಿಕಾನ್ ಕಂಪನಿಯದನ್ನು ಕೊಳ್ಳಲೇ ಎಂಬುದು ನಿನ್ನ ಪ್ರಶ್ನೆ. ಕೊನೆಯ ಸಾಲಿನಲ್ಲಿ, ಅಲ್ಲಿನ ಬದುಕು ಹೇಗಿರುತ್ತದೆ ಎಂದೂ ಕೇಳಿದ್ದೀಯೆ. ಅಮ್ಮನನ್ನು ನೋಡಲು ಬಂದು ಮೂರು ವಾರದಿಂದ ಹನುಮಂತನಗರದ ಮನೆಯಲ್ಲಿದ್ದೇನೆ. ಬಿಡುವಿದೆ, ಸಾವಧಾನವಾಗಿ ಉತ್ತರಿಸುತ್ತೇನೆ.

ನಿನ್ನ ಎರಡು ಪ್ರಶ್ನೆಗಳೂ ಒಂದೇ ಕಡೆ ಕೂಡುತ್ತವೆ. ಅಮೆರಿಕದಲ್ಲಿ ಬಂದೂಕು ಅಂಗಡಿಯಲ್ಲಿ ಸಿಗುತ್ತದೆ, ಯಾರು ಬೇಕಾದರೂ ಕೊಳ್ಳಬಹುದು ಎಂದು ನಾವು ಇಲ್ಲಿ ಕೂತು ಅಂದುಕೊಳ್ಳುತ್ತೇವೆ. ನಿನ್ನ ಮಟ್ಟಿಗೆ ಅದು ನಿಜವಲ್ಲ. ಎಚ್-1ಬಿ, ವಿದ್ಯಾರ್ಥಿಗಳ ಎಫ್-1 ಮುಂತಾದ ವಲಸೆಯೇತರ ವೀಸಾಗಳ ಮೇಲೆ ದೇಶದೊಳಗೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು 1998ರಿಂದ ನಿಷೇಧಿಸಿದೆ. ರಾಜ್ಯ ಯಾವುದಾದರೂ ಅಷ್ಟೇ, ಟೆಕ್ಸಾಸ್ ಎಂದು ರಿಯಾಯಿತಿ ಇಲ್ಲ. ಇಟ್ಟುಕೊಳ್ಳುವುದು ಎಂದರೆ ಕೊಳ್ಳುವುದಷ್ಟೇ ಅಲ್ಲ, ಶೂಟಿಂಗ್ ರೇಂಜ್‌ನಲ್ಲಿ ಗೆಳೆಯನ ಪಿಸ್ತೂಲನ್ನು ಹತ್ತು ನಿಮಿಷ ಕೈಯಲ್ಲಿ ಹಿಡಿಯುವುದೂ ಅದರೊಳಗೇ ಬರುತ್ತದೆ. ಶಿಕ್ಷೆ 15 ವರ್ಷದ ಸೆರೆಯವರೆಗೂ ಹೋಗಬಹುದು. ಆಮೇಲೆ ಗಡೀಪಾರಿನ ಭಯ ಬೇರೆ.

ಇದನ್ನು ನಾನು ಅರಿತದ್ದು ರೇಂಜ್‌ನ ಕೌಂಟರಿನಲ್ಲಿ ನಿಂತಾಗ. ಹೋದ ಹೊಸದರಲ್ಲಿ, ಒಂದು ಶನಿವಾರ, ಸಹೋದ್ಯೋಗಿಗಳು ಕರೆದುಕೊಂಡು ಹೋಗಿದ್ದರು. ಸಹಿ ಹಾಕಲು ಕೊಟ್ಟ ಹಾಳೆಯಲ್ಲಿ ವೀಸಾದ ಬಗ್ಗೆ ಒಂದು ಸಾಲಿತ್ತು. ಎರಡು ಸಲ ಓದಿದೆ, ಪೆನ್ನು ಕೆಳಗಿಟ್ಟೆ. ಉಳಿದವರು ಒಳಗೆ ಹೋದರು. ನಾನು ದಪ್ಪ ಗಾಜಿನ ಈಚೆಗೆ ನಿಂತು ಒಂದು ಗಂಟೆ ನೋಡಿದೆ. ಅವರಲ್ಲಿ ಯಾರೂ ನನಗೆ ಕೆಟ್ಟದ್ದು ಬಯಸಿದವರಲ್ಲ. ಅವರಿಗೆ ಈ ಕಾನೂನು ಗೊತ್ತಿರಲಿಲ್ಲ, ಅಷ್ಟೇ. ನಿನ್ನನ್ನೂ ಹೀಗೆಯೇ ಪ್ರೀತಿಯಿಂದ ಕರೆಯುತ್ತಾರೆ. ಆ ದೇಶದಲ್ಲಿ ಹೊಸಬನ ಬದುಕು ಹೇಗಿರುತ್ತದೆ ಎಂದು ಕೇಳಿದೆಯಲ್ಲ, ಹೀಗಿರುತ್ತದೆ: ಪಕ್ಕದಲ್ಲಿ ಕೂತು ಊಟ ಮಾಡುವವನಿಗೆ ಸಹಜವಾದದ್ದು ನಿನಗೆ ಅಪರಾಧವಾಗಬಹುದು, ಮತ್ತು ಅದನ್ನು ನಿನಗೆ ಹೇಳುವ ಹೊಣೆ ಯಾರಿಗೂ ಇರುವುದಿಲ್ಲ.

ಒಂದು ದಾರಿ ಇದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಪರವಾನಗಿ ಕೈಯಲ್ಲಿದ್ದರೆ ಆ ನಿಷೇಧ ನಿನಗೆ ಅನ್ವಯಿಸುವುದಿಲ್ಲ. ಟೆಕ್ಸಾಸ್‌ನಲ್ಲಿ ಬೇಟೆ ಪರವಾನಗಿಯ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಜುಲೈನಲ್ಲಿ ತೆಗೆದುಕೊಂಡರೂ ಅದರ ಆಯುಸ್ಸು ಅಷ್ಟೇ. ಸೆಪ್ಟೆಂಬರ್ ಒಂದರಂದು ಹೊಸದಿಲ್ಲದಿದ್ದರೆ ನಿನ್ನ ಕಪಾಟಿನಲ್ಲಿರುವ ಪಿಸ್ತೂಲು ಅಂದಿನಿಂದ ಅಪರಾಧ. ಈ ದಾರಿಯಲ್ಲಿ ಹೋಗುವುದಾದರೆ ನಿನ್ನ ವಲಸೆ ವಕೀಲರನ್ನು ಕೇಳಿಯೇ ಹೋಗು. ನಾನು ಹೋಗಲಿಲ್ಲ, ಗ್ರೀನ್ ಕಾರ್ಡ್ ಬರುವವರೆಗೆ ಒಂಬತ್ತು ವರ್ಷ ಕಾದೆ. ಇನ್ನೊಂದು ಮಾತು: ಮೊದಲ ವರ್ಷ ನೀನು ಖಂಡಿತ ಯಾರೊಂದಿಗಾದರೂ ಮನೆ ಹಂಚಿಕೊಳ್ಳುತ್ತೀಯೆ. ಜೊತೆಗಾರನ ಬಳಿ ಬಂದೂಕಿದ್ದರೆ, ಅದು ಅವನ ಬೀಗದೊಳಗೆ ಇರಲಿ, ಬೀಗದ ಕೈ ನಿನಗೆ ಸಿಗದಿರಲಿ. ನಿನ್ನ ಕೈಗೆಟಕುವಂತಿದ್ದರೆ ಅದನ್ನು ನಿನ್ನ ವಶದಲ್ಲಿದ್ದಂತೆಯೇ ಎಣಿಸುವ ಸಾಧ್ಯತೆ ಇದೆ.

ಬೇಸರಪಡಬೇಡ. ಏರ್ ಪಿಸ್ತೂಲು ಸಿಡಿಮದ್ದಿನಿಂದ ಹಾರುವುದಲ್ಲವಾದ್ದರಿಂದ ಫೆಡರಲ್ ಕಾನೂನಿನ ಲೆಕ್ಕದಲ್ಲಿ ಅದು ಬಂದೂಕೇ ಅಲ್ಲ. ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳಲ್ಲಿ ನಿಯಮ ಬೇರೆ ಇದೆ, ನೀನು ಹೋಗುವುದು ಟೆಕ್ಸಾಸ್‌ಗೆ. ನಿನ್ನ ಅಭ್ಯಾಸ ಒಂದು ದಿನವೂ ನಿಲ್ಲಬೇಕಾಗಿಲ್ಲ. ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ತಾಯ್ನಾಡಿಗೆ ಮರಳಿ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ವಿದೇಶದ ನೌಕರಿಯೂ ಪಿಸ್ತೂಲಿನ ಪ್ರೀತಿಯೂ ಒಂದೇ ಬಾಳಿನಲ್ಲಿ ಹೊಂದಿಕೊಳ್ಳುತ್ತವೆ ಎನ್ನಲು ನನಗೆ ಅವರೇ ಸಾಕು.

ಇನ್ನು ಕೆಂಪು ಚುಕ್ಕಿಗೆ ಬರೋಣ. ಕಾದರೂ ಬೇಟೆ ಪರವಾನಗಿ ಪಡೆದರೂ ಒಂದು ದಿನ ಕೊಳ್ಳುತ್ತೀಯೆ, ಆ ದಿನಕ್ಕೆ ಇದು.

ಮೊದಲು ನಿನ್ನ ಕಣ್ಣು ಪರೀಕ್ಷೆ ಮಾಡಿಸಿಕೋ, ಇದನ್ನು ಬೆಂಗಳೂರಿನಲ್ಲೇ ಮುಗಿಸು. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ ಎಂಬ ಕಲಮಿನಲ್ಲಿ ಏನಿದೆ ನೋಡು. ಅಲ್ಲಿ ಅಂಕಿ ಇದ್ದರೆ ನಿನಗೆ ಅಸ್ಟಿಗ್ಮ್ಯಾಟಿಸಂ ಇದೆ ಎಂದರ್ಥ. ರೆಡ್ ಡಾಟ್‌ನಲ್ಲಿ ಚುಕ್ಕಿ ಎಲ್ಲೂ ಬರೆದಿರುವುದಿಲ್ಲ. ಒಂದು ಸಣ್ಣ ಎಲ್‌ಇಡಿ ದೀಪ ಲೇಪನವಿರುವ ಬಾಗಿದ ಗಾಜಿಗೆ ಬಡಿದು ನಿನ್ನ ಕಣ್ಣಿಗೆ ಮರಳುತ್ತದೆ, ಕಣ್ಣು ಅದನ್ನು ದೂರದಲ್ಲೆಲ್ಲೋ ತೇಲುವ ಚುಕ್ಕಿಯೆಂದು ಕಾಣುತ್ತದೆ. ಅಸ್ಟಿಗ್ಮ್ಯಾಟಿಸಂ ಇದ್ದರೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿದ್ದರೆ, ಅದೇ ಚುಕ್ಕಿ ದ್ರಾಕ್ಷಿಗೊಂಚಲಾಗಿ, ಬಾಲವುಳ್ಳ ಧೂಮಕೇತುವಾಗಿ, ನಕ್ಷತ್ರವಾಗಿ ಕಾಣುತ್ತದೆ. ನನಗೆ ಹಾಗೇ ಕಂಡಿತು. ಮೊದಲು ಕೊಂಡ ಸೈಟ್ ದೋಷಯುಕ್ತವೆಂದು ಅಂಗಡಿಗೆ ಹಿಂದಿರುಗಿಸಿದೆ, ಎರಡನೆಯದೂ ಹಾಗೇ ಕಂಡಿತು. ಅಂಗಡಿಯ ಮುದುಕರು ಫೋನಿನಿಂದ ಗಾಜಿನೊಳಗೊಂದು ಚಿತ್ರ ತೆಗೆದು ತೋರಿಸಿದರು. ಚಿತ್ರದಲ್ಲಿ ಚುಕ್ಕಿ ಉದ್ದಿನಕಾಳಿನಂತೆ ದುಂಡಗೆ ನಿಂತಿತ್ತು. ದೋಷವಿದ್ದದ್ದು ನನ್ನ ಕಣ್ಣಲ್ಲಿ. ಸರಿಯಾದ ಕನ್ನಡಕ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಕೆಲವರಿಗೆ ಕೆಂಪಿಗಿಂತ ಹಸಿರು ಚುಕ್ಕಿ ಹಿತವಾಗುತ್ತದೆ. ಬೆಳಕನ್ನು ತಗ್ಗಿಸಿಯೂ ನೋಡು, ಎಷ್ಟೋ ಜನ ಹೊಳಪನ್ನು ಅತಿಯಾಗಿಟ್ಟು ಚುಕ್ಕಿ ಹರಡಿತೆಂದು ದೂರುತ್ತಾರೆ.

ಚುಕ್ಕಿಯ ಗಾತ್ರವನ್ನು ಎಂಒಎ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಎಂಒಎ ಎಂದರೆ ನೂರು ಗಜ ದೂರದಲ್ಲಿ ಹೆಚ್ಚುಕಡಿಮೆ ಒಂದು ಇಂಚು. ಮೂರರ ಚುಕ್ಕಿ 25 ಗಜದಲ್ಲಿ ಮುಕ್ಕಾಲು ಇಂಚನ್ನು ಮುಚ್ಚುತ್ತದೆ, ಆರರದ್ದು ಒಂದೂವರೆ ಇಂಚನ್ನು. ಚಿಕ್ಕದು ನಿಖರ, ದೊಡ್ಡದು ಬೇಗ ಕಣ್ಣಿಗೆ ಬೀಳುತ್ತದೆ. ಏರ್ ಪಿಸ್ತೂಲಿನ ನಿನ್ನ ಕಣ್ಣು ಚಿಕ್ಕದನ್ನೇ ಬಯಸುತ್ತದೆ, ಅದರ ಮಾತು ಕೇಳಬೇಡ. ಚಿಕ್ಕ ಚುಕ್ಕಿ ನಿನ್ನ ಕೈಯ ಪ್ರತಿ ನಡುಕವನ್ನೂ ತೋರಿಸುತ್ತದೆ, ನೀನು ಅದು ನಿಲ್ಲಲಿ ಎಂದು ಕಾಯುತ್ತೀಯೆ, ಕಾಯುತ್ತ ಟ್ರಿಗರನ್ನು ಒಮ್ಮೆಲೇ ಜಗ್ಗಿಬಿಡುತ್ತೀಯೆ. ಮೂರರಿಂದ ಐದರೊಳಗೆ ನಿನಗೆ ಸಾಕು. ಹೋಲೋಸನ್ 507ಸಿಯಲ್ಲಿ ಎರಡು ಎಂಒಎ ಚುಕ್ಕಿಯ ಸುತ್ತ 32ರ ಬಳೆಯೂ ಇದೆ. ಪಿಸ್ತೂಲು ಎತ್ತಿದಾಗ ಚುಕ್ಕಿ ಗಾಜಿನಲ್ಲಿ ಕಾಣದೆ ಕಳೆದುಹೋದರೆ ಬಳೆಯ ಅಂಚಾದರೂ ಕಂಡು ದಾರಿ ತೋರಿಸುತ್ತದೆ, ಕಲಿಯುವವನಿಗೆ ಅದು ಒಳ್ಳೆಯ ಗುರು.

ಚುಕ್ಕಿ ಕಳೆದುಹೋಗುತ್ತದೆ, ಖಂಡಿತ. ನಿನ್ನ 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಇಂಥ ಗಾಜಿನ (ಆಪ್ಟಿಕಲ್) ಸೈಟ್ ನಿಷಿದ್ಧ. ಒಂದೇ ಕೈಯಲ್ಲಿ ಹಿಡಿದು, ದೃಷ್ಟಿಯನ್ನು ಮುಂದಿನ ಸೈಟ್ ಮೇಲೆ ನೆಟ್ಟು, ಗುರಿಹಲಗೆ ಮಸುಕಾಗಿರಲಿ ಎಂದು ಬಿಡುವುದು ನಿನ್ನ ಪಾಠ. ಇಲ್ಲಿ ಅದು ಪೂರ್ತಿ ತಲೆಕೆಳಗು. ಎರಡೂ ಕಣ್ಣು ತೆರೆದು ಗುರಿಯನ್ನೇ ನೋಡಬೇಕು, ಚುಕ್ಕಿ ತಾನಾಗಿ ಅದರ ಮೇಲೆ ಬಂದು ಕೂರಬೇಕು. ಟ್ರಿಗರ್ ಎಳೆಯಲು ಬೇಕಾದ ಬಲವೂ ಬೇರೆ. ನಿನ್ನ ಏರ್ ಪಿಸ್ತೂಲಿನದು 500 ಗ್ರಾಂ, ಗ್ಲಾಕ್ ಕಂಪನಿಯ ಪಿಸ್ತೂಲಿನದು ಸುಮಾರು ಎರಡೂವರೆ ಕಿಲೋ. ಇದಕ್ಕೆ ಒಂದೇ ಮದ್ದು: ಖಾಲಿ ಪಿಸ್ತೂಲು, ಗೋಡೆಯ ಮೇಲೊಂದು ಗುರುತು, ದಿನಾ ಹತ್ತು ನಿಮಿಷ. ಕಾಯುವ ವರ್ಷಗಳಲ್ಲಿ ಈ ಅಭ್ಯಾಸವನ್ನು ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಪಿಸ್ತೂಲಿನ ಮೇಲೆ ಅದೇ ರೆಡ್ ಡಾಟ್ ಕೂರಿಸಿ ಮಾಡಬಹುದು. ಸೈಟ್ ಬಂದೂಕಲ್ಲವಾದ್ದರಿಂದ ಅದನ್ನು ನೀನು ಕೊಳ್ಳಲು ಅಡ್ಡಿಯಿಲ್ಲ.

ಕಂಪನಿಯ ಹೆಸರಿಗಿಂತ ನಾನು ತೂಕ ಕೊಡುವುದು ಎರಡು ಸಂಗತಿಗಳಿಗೆ. ಒಂದು, ದೀಪ ತೆರೆದಿದೆಯೋ ಮುಚ್ಚಿದೆಯೋ. ಟ್ರಿಜಿಕಾನ್ ಆರ್‌ಎಂಆರ್, ಎಸ್‌ಆರ್‌ಒ, ಹೋಲೋಸನ್ 507ಸಿ ಇವೆಲ್ಲ ತೆರೆದವು. ಮಳೆಹನಿ, ಎಣ್ಣೆ, ಬಟ್ಟೆಯ ನೂಲು ಏನಾದರೂ ದೀಪದ ಬಾಯಿಗೆ ಅಡ್ಡವಾದರೆ ಚುಕ್ಕಿ ಮಾಯ. ಸ್ವೀಡನ್ನಿನ ಏಮ್‌ಪಾಯಿಂಟ್ ಆಕ್ರೋ, ಹೋಲೋಸನ್ 509ಟಿ, ಇಪಿಎಸ್ ಇವು ಎರಡೂ ಕಡೆ ಗಾಜಿರುವ ಮುಚ್ಚಿದ ಡಬ್ಬಿಗಳು. ಡಲ್ಲಾಸ್‌ನ ಬೇಸಿಗೆಯಲ್ಲಿ ಏಸಿ ಕೋಣೆಯಿಂದ ಹೊರಬಂದರೆ ಗಾಜು ಮಂಜಾಗುತ್ತದೆ. ಮುಚ್ಚಿದ್ದಾದರೆ ಹೊರಗಿನಿಂದ ಒಂದು ಸಲ ಒರೆಸಿದರೆ ಆಯಿತು. ನನ್ನ ಆಯ್ಕೆ ಮುಚ್ಚಿದ್ದೇ. ಆಕ್ರೋ ಪಿ-2ಗೆ ಸುಮಾರು 600 ಡಾಲರ್, ಹೋಲೋಸನ್‌ಗೆ ಅದರ ಅರ್ಧದಿಂದ ಮುಕ್ಕಾಲು. ಗುರಿಹಲಗೆಗೆ ಹೊಡೆಯುವ ನಿನಗೆ ಹೋಲೋಸನ್ ಧಾರಾಳವಾಗಿ ಸಾಕು, ಮಿಕ್ಕ ಹಣಕ್ಕೆ ಗುಂಡು ಕೊಂಡು ಅಭ್ಯಾಸ ಮಾಡು.

ಎರಡನೆಯದು, ಸ್ಲೈಡ್ ಮೇಲೆ, ಅಂದರೆ ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆಮುಂದೆ ಸರಿಯುವ ಭಾಗದ ಮೇಲೆ, ಸೈಟ್ ಕೂರುವ ಬಗೆ. ಗ್ಲಾಕ್ 2015ರಲ್ಲಿ ತಂದ ಎಂಒಎಸ್ ಮಾದರಿಗಳಲ್ಲಿ ಸ್ಲೈಡ್ ಕೊರೆದೇ ಬರುತ್ತದೆ, ನಡುವೆ ಒಂದು ತಟ್ಟೆ ಇಟ್ಟು ಸೈಟ್ ಬಿಗಿಯಬೇಕು. ಎಲ್ಲ ಸೈಟ್‌ಗಳ ಪಾದದ, ಅಂದರೆ ತಳದ, ಅಳತೆ ಒಂದೇ ಅಲ್ಲ. ಆರ್‌ಎಂಆರ್‌ನ ಪಾದ ಬೇರೆ, ಆಕ್ರೋದ್ದು ಬೇರೆ. ಪಿಸ್ತೂಲು ಮತ್ತು ಸೈಟ್ ಎರಡನ್ನೂ ಹೆಸರಿಸಿ ಸರಿಯಾದ ತಟ್ಟೆ ಮತ್ತು ತಿರುಪು ಕೇಳು. ಸ್ಲೈಡ್ ಪ್ರತಿ ಗುಂಡಿಗೂ ಹಿಂದಕ್ಕೆ ಚಿಮ್ಮಿ ಮುಂದಕ್ಕೆ ಬಡಿಯುತ್ತದೆ, ಅದರ ಮೇಲಿನ ಸೈಟ್ ಆ ಹೊಡೆತವನ್ನು ಸಣ್ಣ ತಿರುಪುಗಳ ಬಲದಿಂದ ತಡೆಯಬೇಕು. ನಾನು ಮೊದಲ ಸಲ ಕೈಯಂದಾಜಿನಲ್ಲಿ ಬಿಗಿದಿದ್ದೆ. ಕ್ಲಬ್ಬಿನ ಸ್ಪರ್ಧೆಯ ದಿನ ಗುಂಡುಗಳು ಒಂದೊಂದೇ ಎಡಕ್ಕೆ ಸರಿಯತೊಡಗಿದವು. ಬೆರಳಿನ ತಪ್ಪೆಂದು ಬಗೆದು ಅರ್ಧ ದಿನ ನನ್ನನ್ನೇ ತಿದ್ದಿಕೊಂಡೆ. ಕೊನೆಗೆ ಸೈಟ್ ಮುಟ್ಟಿ ನೋಡಿದರೆ ಸಡಿಲಾದ ಹಲ್ಲಿನಂತೆ ಅಲುಗುತ್ತಿತ್ತು. ತಿರುಪು ಮತ್ತು ರಂಧ್ರದ ಎಣ್ಣೆ ಒರೆಸು, ತಿರುಪು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕು, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡು. ಆರ್‌ಎಂಆರ್‌ಗೆ ಅದು 12 ಇಂಚು-ಪೌಂಡ್. ಬಿಗಿದ ಮೇಲೆ ತಿರುಪಿನ ತಲೆಗೂ ಸೈಟಿಗೂ ಅಡ್ಡವಾಗಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆ. ಗೆರೆ ತುಂಡಾಗಿ ಕಂಡರೆ ತಿರುಪು ತಿರುಗಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಬ್ಯಾಟರಿಯ ಚಿಂತೆ ಹೆಚ್ಚು ಬೇಡ. 50,000 ಗಂಟೆ ಎಂದು ಕೆಲವು ಕಂಪನಿಗಳು ಹೇಳುತ್ತವೆ, ನಾನು ಪ್ರತಿ ಯುಗಾದಿಗೆ ಬದಲಿಸಿಬಿಡುತ್ತೇನೆ. ಆದರೆ ಬ್ಯಾಟರಿಯ ಬಾಗಿಲು ಎಲ್ಲಿದೆ ನೋಡಿ ಕೊಳ್ಳು. ಆರ್‌ಎಂಆರ್ ಟೈಪ್ 2ರಲ್ಲಿ ಅದು ಅಡಿಯಲ್ಲಿದೆ, ಬದಲಿಸಲು ಸೈಟ್ ಕಳಚಬೇಕು, ಮತ್ತೆ ಗುರಿ ಸರಿಯಿದೆಯೇ ಎಂದು ಹೊಡೆದು ನೋಡಬೇಕು. ನಾಣ್ಯದಂಥ ಆ ಬ್ಯಾಟರಿಯನ್ನು ಮಗು ನುಂಗಿದರೆ ಪ್ರಾಣಕ್ಕೇ ಅಪಾಯ, ಹಳೆಯದನ್ನೂ ಮೇಜಿನ ಮೇಲೆ ಬಿಡಬೇಡ. ಪಿಸ್ತೂಲಿನ ಮಾತಂತೂ ಹೇಳಬೇಕಾಗಿಲ್ಲ. ನನ್ನದು ಉಕ್ಕಿನ ಪೆಟ್ಟಿಗೆಯಲ್ಲಿ, ಗುಂಡು ಬೇರೊಂದು ಬೀಗದಲ್ಲಿ. ನನ್ನ ಮಗಳು ಹುಟ್ಟಿದ್ದು ಅಲ್ಲೇ, ಅವಳ ಗೆಳತಿಯರು ನಮ್ಮ ಮನೆಗೆ ಬಂದು ಮಲಗುತ್ತಾರೆ.

ಊರಿಗೆ ಬರುವಾಗ ಇಲ್ಲಿನ ಗೆಳೆಯರಿಗೆಂದು ರೆಡ್ ಡಾಟ್ ತರಬೇಡ. ಬಂದೂಕಿನ ಸೈಟ್‌ಗಳು ಅಮೆರಿಕದ ರಫ್ತು ನಿಯಂತ್ರಣಕ್ಕೆ ಒಳಪಟ್ಟಿವೆ, ಚಾಕೊಲೇಟಿನ ಜೊತೆ ಸೂಟ್‌ಕೇಸಿನಲ್ಲಿ ಹಾಕುವ ವಸ್ತುವಲ್ಲ. ರೇಂಜ್‌ಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಎಂದೂ ಬಳಸಬೇಡ. ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಸಜೀವ ಗುಂಡು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆಯಾಗುತ್ತದೆ.

ಬರುವ ಭಾನುವಾರದವರೆಗೆ ಇಲ್ಲೇ ಇರುತ್ತೇನೆ. ಕನ್ನಡಕದ ಚೀಟಿ ಹಿಡಿದು ಸಂಜೆ ಮನೆಗೆ ಬಾ, ಸಿಲಿಂಡರ್ ಎಷ್ಟಿದೆ ನೋಡೋಣ. ಅಮ್ಮ ಕೋಡುಬಳೆ ಮಾಡಿಟ್ಟಿದ್ದಾರೆ.