ಯಂತ್ರ ದುರಸ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗಿಣಿಗೇರಾ ಸಮೀಪದ ಸ್ಪಾಂಜ್ ಐರನ್ ಕಾರ್ಖಾನೆಯೊಂದರಲ್ಲಿ ನಾನು ಗುತ್ತಿಗೆ ಫಿಟ್ಟರ್ ಆಗಿದ್ದೇನೆ. ಧೂಳು ಎಳೆಯುವ ಫ್ಯಾನ್‌ನ ಬೇರಿಂಗ್ ಎರಡು ಮೂರು ತಿಂಗಳಿಗೊಮ್ಮೆ ಸುಟ್ಟುಹೋಗುತ್ತಿದೆ. ಪ್ರತಿ ಪಾಳಿಯಲ್ಲೂ ತಪ್ಪದೆ ಗ್ರೀಸ್ ಹೊಡೆಯುತ್ತೇವೆ. ಬೇರಿಂಗ್‌ನ ಗುಣಮಟ್ಟವೇ ಸರಿಯಿಲ್ಲವೆಂದು ಮೇಲ್ವಿಚಾರಕರು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಮಾರುಕಟ್ಟೆಯಲ್ಲಿ ನಕಲಿ ಬೇರಿಂಗ್‌ಗಳು ಇರುವುದರಿಂದ ಮೇಲ್ವಿಚಾರಕರ ಮಾತನ್ನು ತಳ್ಳಿಹಾಕಲಾಗದು. ಆದರೆ ಅದೇ ಸ್ಟೋರ್ಸ್‌ನಿಂದ ಬಂದ ಉಳಿದ ಬೇರಿಂಗ್‌ಗಳು ಬಾಳಿಕೆ ಬರುತ್ತಿದ್ದು, ಈ ಒಂದು ಜಾಗದಲ್ಲಿ ಮಾತ್ರ ಪದೇ ಪದೇ ಕೆಡುತ್ತಿದ್ದರೆ ಕಾರಣವನ್ನು ಆ ಜಾಗದಲ್ಲೇ ಹುಡುಕಬೇಕು. ನಮ್ಮ ಮೊದಲ ಅನುಮಾನ ನಿಮ್ಮ ಗ್ರೀಸ್ ಗನ್ ಮೇಲೆಯೇ. ಕನ್ವೇಯರ್ ಪುಲ್ಲಿಯಂತೆ ನಿಧಾನವಾಗಿ ತಿರುಗುವ ಕಡೆ ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರುವ ಕಬ್ಬಿಣದ ಗೂಡು) ತುಂಬ ಗ್ರೀಸ್ ಇದ್ದರೂ ನಡೆಯುತ್ತದೆ. ಅದಿರಿನ ಧೂಳು ಒಳನುಗ್ಗದಂತೆ ಅದೇ ತಡೆಯುತ್ತದೆ. ಆ ರೂಢಿಯನ್ನೇ ಫ್ಯಾನ್‌ಗೂ ತಂದರೆ, ನಿಮಿಷಕ್ಕೆ 1,000ದಿಂದ 1,500 ಸುತ್ತು ತಿರುಗುವ ಬೇರಿಂಗ್‌ನ ರೋಲರ್‌ಗಳು ಹೆಚ್ಚಾದ ಗ್ರೀಸನ್ನು ಮಜ್ಜಿಗೆಯಂತೆ ಕಡೆಯುತ್ತವೆ, ಶಾಖ ಏರುತ್ತದೆ, ಎಣ್ಣೆ ಬೇರ್ಪಟ್ಟು ಸೋರಿ ಗ್ರೀಸಿನಲ್ಲಿ ಎಣ್ಣೆಯನ್ನು ಹಿಡಿದಿಡುವ ಸೋಪು ಮಾತ್ರ ಒಣಗಿ ಉಳಿಯುತ್ತದೆ. ಜೋಡಿಸುವಾಗ ಬ್ಲಾಕಿನ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತುಂಬಿದರೆ ಸಾಕು. ಆಮೇಲೆ ಎಷ್ಟು ಗಂಟೆಗೆ ಎಷ್ಟು ಗ್ರಾಂ ಎಂಬುದನ್ನು ತಯಾರಕರ ಕೈಪಿಡಿಯೇ ಹೇಳುತ್ತದೆ.

ಗ್ರೀಸ್ ಸರಿಪಡಿಸಿದ ಮೇಲೂ ಬಿಸಿ ಇಳಿಯದಿದ್ದರೆ ಜೋಡಣೆಯನ್ನು ನೋಡಿ. ಅಡಾಪ್ಟರ್ ಸ್ಲೀವ್ (ಶಾಫ್ಟಿಗೆ ತೊಡಿಸುವ ಇಳಿಜಾರು ಕೊಳವೆ) ಮೇಲೆ ಕೂರುವ ಬೇರಿಂಗ್‌ನ ನಟ್ಟನ್ನು ಸುತ್ತಿಗೆಯಿಂದ ಹೊಡೆದು ಅಂದಾಜಿನ ಮೇಲೆ ಬಿಗಿಮಾಡುವುದು ನಮ್ಮ ಕಡೆ ಬಹಳ. ಬಿಗಿಮಾಡುವ ಮೊದಲು ಮತ್ತು ನಂತರದ ಸಡಿಲವನ್ನು ಫೀಲರ್ ಗೇಜ್‌ನಿಂದ (ಸಂದಿ ಅಳೆಯುವ ತೆಳು ಲೋಹಪಟ್ಟಿಗಳು) ಅಳೆಯದಿದ್ದರೆ ಒಳಗಿನ ಸಡಿಲವೇ ಇಲ್ಲವಾಗಿಬಿಡುತ್ತದೆ. ಶಾಫ್ಟ್ ಬಿಸಿಯಾಗಿ ಉದ್ದವಾಗುವುದರಿಂದ ಒಂದು ತುದಿಯ ಬೇರಿಂಗ್ ಮಾತ್ರ ಕದಲದಂತಿರಬೇಕು; ಎರಡೂ ಬ್ಲಾಕ್‌ಗಳಿಗೆ ಲೊಕೇಟಿಂಗ್ ರಿಂಗ್ (ಬೇರಿಂಗ್ ಕದಲದಂತೆ ಹಿಡಿಯುವ ಬಳೆ) ಹಾಕಿದ್ದರೆ ಯಾವ ಕಂಪನಿಯ ಬೇರಿಂಗ್ ತಂದರೂ ಉಳಿಯದು. ಫ್ಯಾನ್‌ನ ತಿರುಗುವ ಚಕ್ರವಾದ ಇಂಪೆಲ್ಲರ್‌ನ ರೆಕ್ಕೆಗಳಿಗೆ ಧೂಳು ಅಂಟಿ ತೂಕ ಏರುಪೇರಾದರೆ ಕಂಪನ ಹೆಚ್ಚುವುದರಿಂದ ಅದನ್ನೂ ತೆರೆದು ನೋಡಿ. ಮುಂದಿನ ಸಲ ಕೆಟ್ಟ ಬೇರಿಂಗನ್ನು ಗುಜರಿಗೆ ಎಸೆಯುವ ಮೊದಲು ಕತ್ತರಿಸಿ ಪರೀಕ್ಷಿಸಿ: ರೋಲರ್‌ಗಳು ಉರುಳುವ ಓಡುಪಥ ನೀಲಿಗಟ್ಟಿದ್ದರೆ ಅತಿಶಾಖ, ಹೊಳಪು ಕಳೆದು ಸವೆದಿದ್ದರೆ ಧೂಳು, ರೋಲರ್‌ಗಳ ಅಂತರಕ್ಕೆ ಸರಿಯಾಗಿ ಕುಳಿಗಳಿದ್ದರೆ ಸುತ್ತಿಗೆಯ ಪೆಟ್ಟು. ಆ ತುಂಡುಗಳನ್ನೇ ಮೇಲ್ವಿಚಾರಕರ ಮುಂದಿಡಿ.

ಪ್ರಶ್ನೆ: ಮಗ ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಅಕ್ಕಿ ಗಿರಣಿಯಲ್ಲಿ ಈಗಲೇ ಸಂಬಳ ಸಿಗುತ್ತದೆ. ಅಪ್ರೆಂಟಿಸ್ ಆದರೆ ಸಿಗುವುದು ಸ್ಟೈಪೆಂಡ್ ಮಾತ್ರ. ಯಾವುದು ಒಳ್ಳೆಯದು?
– ಓದುಗರೊಬ್ಬರು, ರಾಯಚೂರು

ಉತ್ತರ: ಮನೆಯ ಕಷ್ಟ ತಡೆದುಕೊಳ್ಳುವಷ್ಟಿದ್ದರೆ ಅಪ್ರೆಂಟಿಸ್ ಆಗಲಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಷ್ಟ್ರೀಯ ಪ್ರಮಾಣಪತ್ರ ದೊರೆಯುತ್ತದೆ. ನೇಮಕಾತಿಯ ವೇಳೆ ಗಿರಣಿಯ ಅನುಭವ ಪತ್ರಕ್ಕಿಂತ ಅದಕ್ಕೆ ಹೆಚ್ಚು ಬೆಲೆ. ಗಿರಣಿಯಲ್ಲಿ ಧಾನ್ಯ ಮೇಲೆತ್ತುವ ಎಲಿವೇಟರ್‌ನಿಂದ ಪಾಲಿಷರ್‌ವರೆಗೆ ಎಲ್ಲವನ್ನೂ ಒಬ್ಬನೇ ಬಿಚ್ಚಿ ಕೂಡಿಸುವುದರಿಂದ ಕೈ ಬೇಗ ಪಳಗುತ್ತದೆ ಎಂಬುದೂ ಸುಳ್ಳಲ್ಲ.

ಪ್ರಶ್ನೆ: ದುರಸ್ತಿಗೆ ಮುನ್ನ ‘ಯಂತ್ರ ನಿಲ್ಲಿಸಿದ್ದೇವೆ’ ಎಂದು ಕಂಟ್ರೋಲ್ ರೂಮಿನವರು ಫೋನಿನಲ್ಲಿ ಹೇಳಿದರೆ ಸಾಕಲ್ಲವೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಸಾಲದು. ಎಲೆಕ್ಟ್ರಿಷಿಯನ್ ಬ್ರೇಕರ್ ಆಫ್ ಮಾಡಿದ ಮೇಲೆ ಅದಕ್ಕೆ ನಿಮ್ಮದೇ ಬೀಗ ಹಾಕಿ, ಕೀಲಿಯನ್ನು ನಿಮ್ಮ ಜೇಬಿನಲ್ಲಿಟ್ಟುಕೊಂಡು, ಯಂತ್ರದ ಬಳಿಯ ಸ್ಟಾರ್ಟ್ ಬಟನ್ ಒತ್ತಿ ಅದು ಓಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕರೆಂಟ್ ಇಲ್ಲದ ಫ್ಯಾನ್ ಕೂಡ ಗಾಳಿಯ ಸೆಳೆತಕ್ಕೆ ತಾನಾಗಿ ತಿರುಗಬಲ್ಲದು, ಆದ್ದರಿಂದ ಇಂಪೆಲ್ಲರನ್ನು ಕಟ್ಟಿ ನಿಲ್ಲಿಸಿ. ಫ್ಯಾನ್ ಕುಲುಮೆಯ ಅನಿಲದ ಮಾರ್ಗದಲ್ಲಿದ್ದರೆ, ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರಣ, ಮೀಟರ್‌ನಿಂದ ಅಳೆಯದೆ ಕೇಸಿಂಗ್‌ನೊಳಗೆ ತಲೆ ಹಾಕಬೇಡಿ.