ಮರ ಹತ್ತುವ ರೋಬೋಟಿನ ಮೋಟಾರ್ ಕರೆಂಟ್ ಅಳೆಯಲು ಎಲ್‌ಎಂ358 ಬದಲು ಯಾವ ಆಪ್‌ಆಂಪ್ ಹಾಕಬೇಕು?

ಆಪ್‌ಆಂಪ್ (ಸಣ್ಣ ವೋಲ್ಟೇಜನ್ನು ದೊಡ್ಡದು ಮಾಡುವ ಚಿಪ್) ಬದಲಿಸಬೇಡಿ. 0.01 ಓಮಿನ ಶಂಟ್ (ಕರೆಂಟ್ ಅಳೆಯಲು ಅದರ ದಾರಿಯಲ್ಲಿ ಹಾಕುವ ಸಣ್ಣ ರೆಸಿಸ್ಟರ್), ಎಲ್‌ಎಂ358, ಆರ್ಡುವಿನೊ (ರೀಡಿಂಗ್ ಓದುವ ಪುಟ್ಟ ಕಂಪ್ಯೂಟರ್ ಬೋರ್ಡ್), ಲೋಡ್ ಏರಿದ ಹಾಗೆ ರೀಡಿಂಗ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ ಎಂದು ಬರೆದಿದ್ದೀರಿ. ಬದಿಯಡ್ಕದ ಹತ್ತಿರ ನಮ್ಮ ತೋಟಕ್ಕೆಂದು ನಾನೂ ನನ್ನ ತಮ್ಮನೂ ಅಡಿಕೆ ಮರ ಹತ್ತುವ ಯಂತ್ರ ಮಾಡಿದಾಗ ಇದೇ ಸಾಮಾನು, ಇದೇ ತೊಂದರೆ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಜನ ಸಿಗುವುದಿಲ್ಲ, ಸಿಕ್ಕರೂ ಒದ್ದೆ ಮರಕ್ಕೆ ಅವರನ್ನು ಹತ್ತಿಸಲು ಮನಸ್ಸು ಬರುವುದಿಲ್ಲ. ಅದಕ್ಕಾಗಿ ಶುರು ಮಾಡಿದ ಕೆಲಸ. ಕಂಗು, ಅಂದರೆ ಅಡಿಕೆ ಮರ, ಮೇಲೆ ಹೋದ ಹಾಗೆ ಸಪೂರವಾಗುತ್ತದೆ, ಪಾಚಿ ಬೇರೆ. ಚಕ್ರ ಜಾರಿದರೆ ಕರೆಂಟ್ ಇಳಿಯುತ್ತದೆ, ಸಿಕ್ಕಿಕೊಂಡರೆ ಏರುತ್ತದೆ. ಮೇಲೆ ಏನಾಗುತ್ತಿದೆ ಎಂದು ಕೆಳಗೆ ನಿಂತವರಿಗೆ ಹೇಳುವುದು ಆ ಒಂದು ಅಂಕೆ ಮಾತ್ರ. ಮೋಟಾರಿಗೆ ಕರೆಂಟ್ ಕೊಡುವ ನಮ್ಮ ಡ್ರೈವರ್ ಬೋರ್ಡ್ ತಾಳುವುದು 13 ಆಂಪಿಯರ್. 12 ದಾಟಿದರೆ ಮೋಟಾರ್ ನಿಲ್ಲಲಿ ಎಂದು ಕೋಡ್ ಬರೆದಿದ್ದೆವು.

ಯಂತ್ರ ಅರ್ಧ ಮರದಲ್ಲೇ ನಿಲ್ಲತೊಡಗಿತು. ಇಳಿಸಿ ಮುಟ್ಟಿ ನೋಡಿದರೆ ಮೋಟಾರ್ ಬಿಸಿಯೇ ಇಲ್ಲ. ಮಿತಿಯನ್ನು 18ಕ್ಕೆ ಏರಿಸಿದೆವು, ಚೆನ್ನಾಗಿ ಹತ್ತಿತು. ಆಮೇಲೆ ತಮ್ಮ ಗ್ರೌಂಡ್ ತಂತಿ ಸಪೂರವಾಯಿತು ಎಂದು ದಪ್ಪದ್ದು ಹಾಕಿದ. ಒಳ್ಳೆಯ ಕೆಲಸವೇ. ಆದರೆ ಮುಂದಿನ ಸಲ ಚಕ್ರ ಸಿಕ್ಕಿಕೊಂಡಾಗ ಮೋಟಾರ್ ನಿಲ್ಲಲಿಲ್ಲ. ಡ್ರೈವರ್ ಮರದ ಮೇಲೆಯೇ ಸುಟ್ಟುಹೋಯಿತು.

ತಪ್ಪು ಎಲ್ಲಿತ್ತು ಎಂದು ಬಿಡಿಸಿ ಹೇಳುತ್ತೇನೆ, ನಿಮ್ಮದೂ ಅಲ್ಲೇ ಇದೆ ಎಂದು ನನಗೆ ಅನಿಸುತ್ತಿದೆ. ಶಂಟಿನ ಮೇಲಿನ ತುದಿಯಿಂದ ಮಾತ್ರ ಒಂದು ತಂತಿ ಆಪ್‌ಆಂಪಿಗೆ ಹೋಗಿತ್ತು. ಇನ್ನೊಂದು ತುದಿ ಹೇಗೂ ಗ್ರೌಂಡ್ ಅಲ್ವಾ ಎಂದು ಆಪ್‌ಆಂಪಿನ ಗ್ರೌಂಡನ್ನು ಬ್ಯಾಟರಿಯ ಮೈನಸ್‌ಗೆ ಕೊಟ್ಟಿದ್ದೆವು. ಶಂಟಿನಿಂದ ಬ್ಯಾಟರಿಗೆ 30 ಸೆಂಟಿಮೀಟರ್ ತಂತಿ, 1 ಚದರ ಮಿಲಿಮೀಟರಿನದು. ಅಂಥ ತಾಮ್ರದ ತಂತಿಗೆ ಮೀಟರಿಗೆ ಸುಮಾರು 17 ಮಿಲಿಓಮ್ ರೆಸಿಸ್ಟೆನ್ಸ್. ನಮ್ಮ ತುಂಡಿಗೆ 5. ಶಂಟೇ 10 ಮಿಲಿಓಮ್! 8 ಆಂಪಿಯರ್ ಹರಿದರೆ ಶಂಟಿನಲ್ಲಿ 80 ಮಿಲಿವೋಲ್ಟ್, ತಂತಿಯಲ್ಲಿ 40. ಆಪ್‌ಆಂಪಿಗೆ ಕಾಣುವುದು ಒಟ್ಟು 120, ಅಂದರೆ 12 ಆಂಪಿಯರ್. ತಂತಿ ಬಿಸಿಯಾದರೆ ಇನ್ನೂ ಏರುತ್ತದೆ, ತಾಮ್ರಕ್ಕೆ ಡಿಗ್ರಿಗೆ ಸುಮಾರು ಶೇ. 0.4. 4 ಚದರ ಮಿಲಿಮೀಟರಿನ ತಂತಿ ಹಾಕಿದಾಗ ಆ 5 ಮಿಲಿಓಮ್ 1.3ಕ್ಕೆ ಇಳಿಯಿತು. ಕೋಡಿನಲ್ಲಿ 18 ಹಾಗೇ ಉಳಿಯಿತು. ನಿಜವಾದ ಮಿತಿ 12ರಿಂದ ಸುಮಾರು 16 ಆಂಪಿಯರಿಗೆ ಹಾರಿತ್ತು. ಬೋರ್ಡ್ ಸುಡದೆ ಇನ್ನೇನು?

ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಶಂಟಿನ ಎರಡು ಕಾಲುಗಳ ಮೇಲೆಯೇ ಹಿಡಿಯಿರಿ. ಅದೂ ಆರ್ಡುವಿನೊ ಹೇಳುವುದೂ ಹೊಂದದಿದ್ದರೆ ಹೆಚ್ಚಾಗಿ ತಂತಿಯದೇ ಕಿತಾಪತಿ. ಶಂಟಿನ ಎರಡೂ ಕಾಲುಗಳಿಂದ ಬೇರೆಯೇ ಎರಡು ಸಣ್ಣ ತಂತಿ ತೆಗೆಯಿರಿ, ಮೋಟಾರಿನ ಕರೆಂಟ್ ಅವುಗಳಲ್ಲಿ ಹರಿಯಬಾರದು. ಅದೇ ಎಲ್‌ಎಂ358ನ್ನು ಡಿಫರೆನ್ಷಿಯಲ್ ಆಂಪ್ಲಿಫೈಯರ್ (ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುವಂಥದ್ದು) ಮಾಡಿ: 1 ಕಿಲೋಓಮ್ ರೆಸಿಸ್ಟರ್ ಎರಡು, 20 ಕಿಲೋಓಮಿನದು ಎರಡು, ನಾಲ್ಕೂ ಶೇ. 1ರವು. ಗೇನ್, ಅಂದರೆ ಹಿಗ್ಗುವುದು, 20 ಪಟ್ಟು, ಹಾಗಾಗಿ 10 ಆಂಪಿಯರಿಗೆ 2 ವೋಲ್ಟ್. 5 ವೋಲ್ಟ್ ಸಪ್ಲೈಯಲ್ಲಿ ಈ ಚಿಪ್ ಸುಮಾರು 3.5 ವೋಲ್ಟ್ ತನಕ ಮಾತ್ರ ಏರುತ್ತದೆ, ನಿಮಗೆ ಅಷ್ಟು ಸಾಕು. ಇದರ ಆಫ್‌ಸೆಟ್ (ಚಿಪ್ ತಾನೇ ಸೇರಿಸುವ ತಪ್ಪು ವೋಲ್ಟೇಜ್) ಜಾಸ್ತಿ ಎನ್ನುತ್ತಾರೆ. ಹೆಚ್ಚೆಂದರೆ 7 ಮಿಲಿವೋಲ್ಟ್, ಈ ಶಂಟಿನಲ್ಲಿ 0.7 ಆಂಪಿಯರ್. ಚಕ್ರ ಸಿಕ್ಕಿಕೊಂಡದ್ದು ತಿಳಿಯಲು ಅದು ಅಡ್ಡಿಯಲ್ಲ. ಔಟ್‌ಪುಟ್ಟಿಗೆ 10 ಕಿಲೋಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ರೀಡಿಂಗಿನ ಕುಣಿತವೂ ನಿಲ್ಲುತ್ತದೆ.

ಎಸಿಎಸ್712 ಎಂಬ ಕರೆಂಟ್ ಸೆನ್ಸರ್ ಚಿಪ್ ಹಾಕಿ ಎಂದು ಯಾರಾದರೂ ಹೇಳಬಹುದು. ತಂತಿಯ ತಲೆನೋವು ಅದಕ್ಕಿಲ್ಲ, ನಿಜ. ಆದರೆ ಅದು ಕಾಂತಕ್ಷೇತ್ರ ನೋಡಿ ಅಳೆಯುವಂಥದ್ದು. ಪಕ್ಕದಲ್ಲೇ ಮೋಟಾರಿನ ಅಯಸ್ಕಾಂತ ಇದ್ದರೆ ಸೊನ್ನೆಯೇ ಜರುಗಬಹುದು. ನನ್ನ ಮತ ಶಂಟಿಗೇ.

ಇನ್ನೊಂದು. ಪಿಡಬ್ಲ್ಯುಎಂ (ವೇಗ ಹೊಂದಿಸಲು ಮೋಟಾರನ್ನು ಬೇಗ ಬೇಗ ಆನ್-ಆಫ್ ಮಾಡುವ ಕ್ರಮ) ಆಫ್ ಇರುವಾಗ ಮೋಟಾರಿನ ಕರೆಂಟ್ ಸಾಮಾನ್ಯವಾಗಿ ಡ್ರೈವರಿನ ಒಳಗೇ ಸುತ್ತುತ್ತದೆ, ಗ್ರೌಂಡಿನ ಶಂಟಿಗೆ ಬರುವುದಿಲ್ಲ. ಅರ್ಧ ಡ್ಯೂಟಿಯಲ್ಲಿ, ಅಂದರೆ ಅರ್ಧ ಹೊತ್ತು ಮಾತ್ರ ಆನ್ ಇರುವಾಗ, ಮೋಟಾರ್ 10 ಆಂಪಿಯರ್ ಎಳೆದರೂ ಶಂಟಿನಲ್ಲಿ ಸರಾಸರಿ 5 ಮಾತ್ರ ಕಾಣುತ್ತದೆ. ಕೋಡಿನಲ್ಲಿ ಡ್ಯೂಟಿಯಿಂದ ಭಾಗಿಸಿ. ಡ್ಯೂಟಿ ತೀರಾ ಕಡಿಮೆ ಇರುವಾಗ ಆ ಲೆಕ್ಕ ನಂಬುವಂತಿಲ್ಲ, ನಾವಂತೂ ಶೇ. 20ಕ್ಕಿಂತ ಕೆಳಗೆ ಮೋಟಾರ್ ಓಡಿಸುವುದೇ ಇಲ್ಲ.