ಮಗುವಿನ ಹೆಸರನ್ನು ಅಳಿಸುವ ಅಧಿಕಾರ ಯಾರದು?

ಕೋರ್ಟ್ ರಿಪೋರ್ಟಿಂಗ್, ಅಂದರೆ ನ್ಯಾಯಾಲಯದಲ್ಲಿ ಆಡಿದ ಮಾತನ್ನೆಲ್ಲ ಪದಶಃ ಬರೆದು ದಾಖಲಿಸುವ ಕೆಲಸ, ಕಲಿಯುತ್ತಿರುವ ಓದುಗರೊಬ್ಬರು ಮೂರು ಪ್ರಶ್ನೆ ಕೇಳಿದ್ದಾರೆ. ಸಾಕ್ಷಿ ಮಗುವೊಂದರ ಪೂರ್ತಿ ಹೆಸರು ಹೇಳಿಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಆ ಲಿಖಿತ ದಾಖಲೆಯಲ್ಲಿ) ತಾವೇ ಅದನ್ನು ಮೊದಲಕ್ಷರಕ್ಕೆ ಇಳಿಸಬಹುದೇ? ಸಾಕ್ಷಿಯ ತೊದಲು, ವ್ಯಾಕರಣದ ತಪ್ಪು ತಿದ್ದಿದರೆ ಅವರ ಮಾನ ಉಳಿಸಿದಂತಲ್ಲವೇ? ಕೆಲಸ ಬೇಗ ಮುಗಿಯಲೆಂದು ಧ್ವನಿಮುದ್ರಣವನ್ನು ಆನ್‌ಲೈನ್ ಆ್ಯಪ್ ಒಂದಕ್ಕೆ ಕೊಡಬಹುದೇ?

ಸಂಪಾದಕರ ಉತ್ತರ:

ನಿಮ್ಮ ಕಳಕಳಿ ನಿಜವಾದದ್ದು, ಆದರೆ ಮೊದಲೆರಡು ಪ್ರಶ್ನೆಗಳಿಗೂ ನನ್ನ ಉತ್ತರ ‘ಕೂಡದು’ ಎಂದೇ. ಮೇಲ್ಮನವಿ ಕೇಳುವ ನ್ಯಾಯಾಧೀಶರು ಸಾಕ್ಷಿಯ ಮುಖ ನೋಡಿರುವುದಿಲ್ಲ. ಅವರ ಮುಂದಿರುವುದು ನೀವು ಬರೆದು ಪ್ರಮಾಣೀಕರಿಸಿದ ಹಾಳೆಗಳು. ಅದರಲ್ಲಿ ಒಂದು ಪದವನ್ನು ದಯೆಯಿಂದ ಬದಲಿಸಿದರೂ ಪಕ್ಷಪಾತದಿಂದ ಬದಲಿಸಿದರೂ ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಹಾಗಾದರೆ ಮಗುವಿನ ಗತಿ? ಅದಕ್ಕೆ ಬೇರೆ ದಾರಿ ಇದೆ. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಕ್ರಮವನ್ನೇ ನೋಡಿ. ಟ್ರಾನ್ಸ್‌ಕ್ರಿಪ್ಟ್ ಸಲ್ಲಿಕೆಯಾದ ಮೇಲೆ 90 ದಿನ ಅದು ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ಸಿಗುವುದಿಲ್ಲ. ಏನನ್ನಾದರೂ ಮರೆಮಾಡಬೇಕೆನ್ನುವ ವಕೀಲರು 7 ದಿನದೊಳಗೆ ಸೂಚನೆ ಕೊಟ್ಟು, 21 ದಿನದೊಳಗೆ ಪುಟ, ಸಾಲುಗಳ ಸಮೇತ ಕೋರಿಕೆ ಸಲ್ಲಿಸಬೇಕು. ಅಪ್ರಾಪ್ತರ ಹೆಸರು ಮೊದಲಕ್ಷರಗಳಿಗೆ ಇಳಿಯುತ್ತದೆ, ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ ಉಳಿಯುತ್ತವೆ, ಹುಟ್ಟಿದ ದಿನಾಂಕದಲ್ಲಿ ವರ್ಷ ಮಾತ್ರ ಕಾಣುತ್ತದೆ. ಇದನ್ನು ಹುಡುಕಿ ಹೇಳುವ ಹೊಣೆ ವಕೀಲರದು ಮತ್ತು ಕಕ್ಷಿದಾರರದು. ರಿಪೋರ್ಟರ್ ಕೋರಿಕೆಯಂತೆ ಮರೆಮಾಡಿದ ಪ್ರತಿ ಸಿದ್ಧಪಡಿಸುತ್ತಾರೆ, ಮೂಲ ಪ್ರತಿ ಹಾಗೆಯೇ ಉಳಿಯುತ್ತದೆ. ಈ ಹಂಚಿಕೆ ನನಗೆ ಬಹಳ ಸರಿ ಎನಿಸುತ್ತದೆ. ಹೆಸರು ಕಣ್ತಪ್ಪಿ ಉಳಿದೀತೆಂಬ ಆತಂಕವಿದ್ದರೆ ಎರಡೂ ಕಡೆಯ ವಕೀಲರಿಗೆ ಒಟ್ಟಿಗೇ ಗಮನಕ್ಕೆ ತನ್ನಿ. ಒಬ್ಬರ ಕಿವಿಯಲ್ಲಿ ಮಾತ್ರ ಹೇಳಬೇಡಿ.

ಭಾಷೆ ತಿದ್ದುವ ಮಾತಿಗೆ ಬರುತ್ತೇನೆ, ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಅಮೆರಿಕದ ರಾಷ್ಟ್ರೀಯ ಕೋರ್ಟ್ ರಿಪೋರ್ಟರ್‌ಗಳ ಸಂಘದ ವೃತ್ತಿ ಪರೀಕ್ಷೆಯಲ್ಲಿ ಪ್ರಶ್ನೋತ್ತರವನ್ನು ನಿಮಿಷಕ್ಕೆ 225 ಪದಗಳ ವೇಗದಲ್ಲಿ, ಶೇ. 95 ನಿಖರತೆಯಿಂದ ಬರೆಯಬೇಕು. ಅಷ್ಟು ಕಠಿಣ ತರಬೇತಿಯೂ ಸಾಲದೆಂದು 2019ರಲ್ಲಿ ಪ್ರಕಟವಾದ ಫಿಲಡೆಲ್ಫಿಯಾದ ಅಧ್ಯಯನ ತೋರಿಸಿತು. ಕಪ್ಪುಜನರ ಆಡುನುಡಿಯ ವಾಕ್ಯಗಳನ್ನು ಅಲ್ಲಿನ ಪ್ರಮಾಣಪತ್ರ ಪಡೆದ ರಿಪೋರ್ಟರ್‌ಗಳಿಗೆ ಕೇಳಿಸಿದಾಗ ಪೂರ್ತಿ ಸರಿಯಾಗಿ ದಾಖಲಾದವು ಸುಮಾರು ಶೇ. 60 ಮಾತ್ರ. ಯಾರು, ಏನು, ಯಾವಾಗ ಎಂಬುದೇ ಬದಲಾದ ಉದಾಹರಣೆಗಳೂ ಇದ್ದವು. ಕೇಳಿದ್ದು ಅರ್ಥವಾಗದಾಗ ನಮಗೆ ಪರಿಚಿತವಾದ ವಾಕ್ಯಕ್ಕೆ ಅದನ್ನು ಹೊಂದಿಸಿಕೊಳ್ಳುವ ಅಪಾಯ ಇಷ್ಟು ದೊಡ್ಡದು. ನೀವು ‘ತಿದ್ದುವುದು’ ಎನ್ನುವುದು ಇದನ್ನೇ ತಿಳಿದೂ ತಿಳಿದೂ ಮಾಡುವುದು. ಪಾಟೀಸವಾಲಿನಲ್ಲಿ ಸಾಕ್ಷಿ ತಡವರಿಸಿದ್ದೂ ಸಾಕ್ಷ್ಯವೇ. ಕೇಳಿಸದಿದ್ದರೆ ಆಗಲೇ ತಡೆದು ‘ಇನ್ನೊಮ್ಮೆ ಹೇಳಿ’ ಎನ್ನಿ, ಸಂಕೋಚ ಬೇಡ.



ಇನ್ನು ಆ್ಯಪ್. ಧ್ವನಿಮುದ್ರಣದಲ್ಲಿ ದಾಖಲೆಗೆ ಸೇರದ ಮಾತೂ ಇರುತ್ತದೆ. ವಕೀಲರು ಕಕ್ಷಿದಾರರ ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಮೇಜಿನ ಮೈಕ್ ಹಿಡಿದಿರಬಹುದು. ಆ ಮಾತಿಗೆ ಕಾನೂನಿನ ರಕ್ಷಣೆ ಇದೆ, ಅದನ್ನು ಬೇರೊಬ್ಬರ ಸರ್ವರ್‌ಗೆ ದಾಟಿಸಲು ನಿಮಗೆ ಹಕ್ಕಿಲ್ಲ. ಕಡತ ಎಲ್ಲಿ ಉಳಿಯುತ್ತದೆ, ಯಾರು ಕೇಳುತ್ತಾರೆ, ಯಂತ್ರಕ್ಕೆ ಕಲಿಸಲು ಬಳಸುತ್ತಾರೆಯೇ, ಯಾವಾಗ ಅಳಿಸುತ್ತಾರೆ ಎಂದು ಆ ಕಂಪನಿಯಿಂದ ಲಿಖಿತವಾಗಿ ತರಿಸಿಕೊಳ್ಳಿ. ಅದನ್ನು ನ್ಯಾಯಾಲಯಕ್ಕೆ ತೋರಿಸಿ ಒಪ್ಪಿಗೆ ಪಡೆಯುವ ತನಕ ಕಡತ ನಿಮ್ಮ ಕಂಪ್ಯೂಟರ್‌ನಲ್ಲೇ, ಗುಪ್ತಪದದ ಹಿಂದೆ ಇರಲಿ.